ಒಣ ಸಸ್ಯ ಮಾದರಿಗಳಿಗೆ ಕೀಟಗಳಿಂದ ರಕ್ಷಣೆ: ಡಿ.ಎನ್.ಎ.ಗೆ ಹಾನಿಯಾಗದ ವಿಧಾನಗಳು

(ಮಾದರಿಗಳನ್ನು ಸಲ್ಲಿಸುವ, ವೀಕ್ಷಿಸುವ ಹಾಗೂ ಅಧ್ಯಯನಕ್ಕಾಗಿ ಕೋರುವ ಸಾರ್ವಜನಿಕರ ಮಾಹಿತಿಗಾಗಿ)

1. ಪ್ರಸ್ತಾವನೆ

ಸಸ್ಯವೊಂದನ್ನು ಒತ್ತಿ ಒಣಗಿಸಿ, ದಪ್ಪ ಕಾಗದದ ಹಾಳೆಗೆ ಅಂಟಿಸಿ, ಸಂಗ್ರಹಿಸಿದ ಸ್ಥಳ, ದಿನಾಂಕ ಮತ್ತು ಸಂಗ್ರಾಹಕರ ಹೆಸರುಳ್ಳ ಚೀಟಿಯೊಡನೆ ಕಾಯ್ದಿರಿಸಿದಾಗ ಅದು ಒಣ ಸಸ್ಯ ಮಾದರಿ ಎನಿಸುತ್ತದೆ. ಇಂತಹ ಮಾದರಿಗಳನ್ನು ಕ್ರಮಬದ್ಧವಾಗಿ ಜೋಡಿಸಿಟ್ಟ ಭಂಡಾರಕ್ಕೆ ಹರ್ಬೇರಿಯಂ ಎಂದು ಹೆಸರು. ಸಸ್ಯವನ್ನು ಗುರುತಿಸಿಕೊಡುವಂತೆ ಕೋರಿ, ಸಂಶೋಧನೆಗೆ ಬಳಸಿದ ಸಸ್ಯದ ಮಾದರಿಯನ್ನು ಠೇವಣಿ ಇಡಲು, ಹಳೆಯ ಮಾದರಿಗಳನ್ನು ವೀಕ್ಷಿಸಲು ಅಥವಾ ಡಿ.ಎನ್.ಎ. ಅಧ್ಯಯನಕ್ಕಾಗಿ ಎಲೆಯ ತುಣುಕನ್ನು ಪಡೆಯಲು ವಿದ್ಯಾರ್ಥಿಗಳು, ಸಂಶೋಧಕರು, ಔಷಧ ತಯಾರಕರು ಮತ್ತು ಆಸಕ್ತ ನಾಗರಿಕರು ಇಂತಹ ಸಂಸ್ಥೆಗಳಿಗೆ ಅರ್ಜಿ ಸಲ್ಲಿಸುತ್ತಾರೆ.

ಸಲ್ಲಿಸಿದ ಮಾದರಿಯನ್ನು ಕೂಡಲೇ ಸಂಗ್ರಹಕ್ಕೆ ಸೇರಿಸದೆ ಹಲವು ದಿನ ಶೀತಲ ಪೆಟ್ಟಿಗೆಯಲ್ಲಿ ಇಡುವುದೇಕೆ, ಕೀಟನಾಶಕದ ಪುಡಿ ಹಾಕಿದ ಮಾದರಿಯನ್ನು ಹಿಂದಿರುಗಿಸುವುದೇಕೆ, ಎಲೆಯ ತುಣುಕು ನೀಡುವ ಮುನ್ನ ಅನೇಕ ಪ್ರಶ್ನೆಗಳನ್ನು ಕೇಳುವುದೇಕೆ ಎಂಬ ಸಂದೇಹಗಳು ಅರ್ಜಿದಾರರಲ್ಲಿ ಮೂಡುವುದು ಸಹಜ. ಈ ಸಂದೇಹಗಳನ್ನು ಪರಿಹರಿಸುವುದು ಹಾಗೂ ಮಾದರಿಗಳನ್ನು ಸರಿಯಾದ ರೀತಿಯಲ್ಲಿ ಸಿದ್ಧಪಡಿಸಲು ನೆರವಾಗುವುದು ಈ ಲೇಖನದ ಉದ್ದೇಶವಾಗಿದೆ.

2. ಒಣ ಸಸ್ಯ ಮಾದರಿಯ ಮಹತ್ವ

ಒಂದು ಸಸ್ಯವು ಇಂತಹ ಸ್ಥಳದಲ್ಲಿ, ಇಂತಹ ದಿನ ಇತ್ತು ಎಂಬುದಕ್ಕೆ ಒಣ ಮಾದರಿಯೇ ಪ್ರತ್ಯಕ್ಷ ಸಾಕ್ಷಿ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿ ಸೂಚಿಸುವ ಮಾದರಿಯನ್ನು 'ಟೈಪ್' ಅಥವಾ ಮೂಲ ಮಾದರಿ ಎನ್ನುತ್ತಾರೆ. ಆ ಹೆಸರು ಯಾವ ಸಸ್ಯಕ್ಕೆ ಸಲ್ಲತಕ್ಕದ್ದು ಎಂಬ ವಿವಾದ ಎಂದು ಉಂಟಾದರೂ ಅದೇ ಹಾಳೆಯನ್ನು ತೆರೆದು ನೋಡಬೇಕಾಗುತ್ತದೆ. ಆದುದರಿಂದ ಮೂಲ ಮಾದರಿಯನ್ನು ಹುಳು ತಿಂದು ಹಾಕಿದರೆ ಅದಕ್ಕೆ ಸಮನಾದ ಬದಲಿ ದೊರೆಯುವುದಿಲ್ಲ.

ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯು 1890ರಲ್ಲಿ ಸ್ಥಾಪನೆಯಾಯಿತು. ಪಶ್ಚಿಮ ಬಂಗಾಳದ ಹೌರಾದಲ್ಲಿರುವ ಅದರ ಕೇಂದ್ರೀಯ ರಾಷ್ಟ್ರೀಯ ಹರ್ಬೇರಿಯಂನಲ್ಲಿ ಸುಮಾರು 20 ಲಕ್ಷ ಮಾದರಿಗಳಿವೆ. ಕರ್ನಾಟಕದಲ್ಲಿ, ಫಾದರ್ ಸೆಸಿಲ್ ಸಲ್ಡಾನ ಅವರ ನೇತೃತ್ವದಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಸಮೀಕ್ಷೆ ನಡೆದು, ಸಲ್ಡಾನ ಮತ್ತು ನಿಕೋಲ್ಸನ್ ಅವರು ಸಂಪಾದಿಸಿದ ಗ್ರಂಥವು 1976ರಲ್ಲಿ ಪ್ರಕಟವಾಯಿತು. ಆ ಕಾರ್ಯದಿಂದ ಬೆಳೆದ ಸಂಗ್ರಹವು ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ. ಗ್ರಂಥದಲ್ಲಿ ನಮೂದಾಗಿರುವ ಸಸ್ಯದ ಬಗ್ಗೆ ಇಂದು ಸಂದೇಹ ಬಂದಲ್ಲಿ ಪರಿಶೀಲಿಸಲು ಹಾಳೆಗಳೇ ಆಧಾರ. ಕಾಡು ತೋಟವಾಗಿ, ಕೆರೆ ಬಡಾವಣೆಯಾಗಿ ಮಾರ್ಪಟ್ಟ ಸ್ಥಳಕ್ಕೆ ಮರಳಿ ಹೋಗಿ ಅದೇ ಗಿಡವನ್ನು ತರಲು ಸಾಧ್ಯವಿಲ್ಲ.

ಮಾದರಿಗಳನ್ನು ಸಂಗ್ರಹಿಸಿದ ಹಿಂದಿನ ತಲೆಮಾರಿನವರು ಊಹಿಸದಿದ್ದ ಮತ್ತೊಂದು ಉಪಯೋಗವು ಕಳೆದ ಕೆಲವು ದಶಕಗಳಲ್ಲಿ ತೆರೆದುಕೊಂಡಿದೆ. ಒಣ ಎಲೆಯ ಸಣ್ಣ ತುಣುಕಿನಿಂದ ಡಿ.ಎನ್.ಎ. ಪಡೆದು ಓದಲು ಸಾಧ್ಯವಾಗಿದೆ. 1845ರಲ್ಲಿ ಆರಂಭಗೊಂಡ ಐರ್ಲೆಂಡಿನ ಭೀಕರ ಕ್ಷಾಮಕ್ಕೆ ಕಾರಣವಾದ ಆಲೂಗಡ್ಡೆಯ ಅಂಗಮಾರಿ ರೋಗಾಣುವಿನ ತಳಿ ಯಾವುದೆಂಬುದು 2013ರಲ್ಲಿ ತಿಳಿದುಬಂದಿತು. ಯುರೋಪಿನ ಹರ್ಬೇರಿಯಂಗಳಲ್ಲಿ 19ನೆಯ ಶತಮಾನದಿಂದ ಉಳಿದುಬಂದಿದ್ದ ರೋಗಪೀಡಿತ ಎಲೆಗಳೇ ಅದಕ್ಕೆ ಆಧಾರವಾದವು.

ದೈನಂದಿನ ವ್ಯವಹಾರದಲ್ಲಿಯೂ ಇದರ ಉಪಯೋಗವಿದೆ. ಔಷಧಕ್ಕೆ ಬಳಸುವ ಅಶೋಕದ ತೊಗಟೆಗೆ, ರಸ್ತೆಬದಿಯಲ್ಲಿ ಬೆಳೆಸುವ ಉದ್ದನೆಯ ಕಂಬದಂತಹ ಅಶೋಕ ಮರದ ತೊಗಟೆಯನ್ನು ಕಲಬೆರಕೆ ಮಾಡುವುದು ತಿಳಿದ ಸಂಗತಿ. ಇವೆರಡೂ ಬೇರೆ ಬೇರೆ ಕುಟುಂಬಕ್ಕೆ ಸೇರಿದ ಮರಗಳು. ಒಣಗಿದ ತೊಗಟೆಯ ಚೂರನ್ನು ಕಣ್ಣಿನಿಂದ ನೋಡಿ ನಿರ್ಧರಿಸುವುದು ಕಷ್ಟವಾದಾಗ ಡಿ.ಎನ್.ಎ. ಹೋಲಿಕೆ ನೆರವಿಗೆ ಬರುತ್ತದೆ. ಹೋಲಿಕೆಗೆ ಸರಿಯಾಗಿ ಗುರುತಿಸಿದ, ಡಿ.ಎನ್.ಎ. ಉಳಿದಿರುವ ಮಾದರಿಯೊಂದು ಎಲ್ಲಿಯಾದರೂ ಇರಲೇಬೇಕು.

ಹೀಗಾಗಿ ಹುಳುವಿನಿಂದ ಹಾಳೆಯನ್ನು ಉಳಿಸುವುದರ ಜೊತೆಗೆ ಎಲೆಯೊಳಗಿನ ಡಿ.ಎನ್.ಎ.ಯನ್ನೂ ಉಳಿಸುವುದು ಹರ್ಬೇರಿಯಂಗಳ ಹೊಣೆಯಾಗಿದೆ. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಮಾರ್ಗ ಸರಳವಾದದ್ದು: ಬೇಗ ಒಣಗಿಸುವುದು, ಶೀತದಿಂದ ಕೀಟವನ್ನು ಕೊಲ್ಲುವುದು ಮತ್ತು ಅನಂತರ ತೇವ ತಗುಲದಂತೆ ಕಾಯುವುದು.

3. ಮಾದರಿಗಳನ್ನು ಬಾಧಿಸುವ ಕೀಟಗಳು

ಅ) ಸಿಗರೇಟು ದುಂಬಿ: ಹರ್ಬೇರಿಯಂಗಳ ಪ್ರಮುಖ ಶತ್ರು. ಗೋದಾಮುಗಳಲ್ಲಿ ತಂಬಾಕು, ಅರಿಶಿನ, ಒಣಮೆಣಸಿನಕಾಯಿ ಮುಂತಾದವುಗಳನ್ನು ಕೊರೆಯುವ ಕೀಟವೂ ಇದೇ. ಸುಮಾರು 2ರಿಂದ 3 ಮಿ.ಮೀ. ಉದ್ದ, ಕೆಂಪು ಮಿಶ್ರಿತ ಕಂದು ಬಣ್ಣ, ಗೂನುಬೆನ್ನು ಮತ್ತು ಕೆಳಕ್ಕೆ ಬಾಗಿದ ತಲೆಯಿಂದ ಇದನ್ನು ಗುರುತಿಸಬಹುದು. ಹಾನಿ ಮಾಡುವುದು ಮುಖ್ಯವಾಗಿ ಮರಿಹುಳು. ಸೂರ್ಯಕಾಂತಿ ಕುಟುಂಬದ ಹೂಗೊಂಚಲುಗಳು, ದಪ್ಪ ಮೊಗ್ಗುಗಳು ಮತ್ತು ಬೀಜಗಳು ಇದಕ್ಕೆ ಪ್ರಿಯ. ಗುರುತಿಸುವಿಕೆಗೆ ಅತ್ಯಗತ್ಯವಾದ ಹೂವೇ ಹೀಗೆ ಮೊದಲು ನಾಶವಾಗುತ್ತದೆ.

ಆ) ಔಷಧ ಅಂಗಡಿ ದುಂಬಿ: ಸಿಗರೇಟು ದುಂಬಿಯ ಹತ್ತಿರದ ಸಂಬಂಧಿ. ರೆಕ್ಕೆಯ ಕವಚದ ಮೇಲೆ ಉದ್ದುದ್ದ ಗೆರೆಗಳಿರುತ್ತವೆ. ಒಣ ಗಿಡಮೂಲಿಕೆ, ಹಿಟ್ಟು, ಪುಸ್ತಕದ ರಟ್ಟು ಮತ್ತು ಅಂಟು ಎಲ್ಲವನ್ನೂ ತಿನ್ನುತ್ತದೆ.

ಇ) ಪುಸ್ತಕ ಹೇನು: ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಚಿಕ್ಕದಾದ, ಮಾಸಲು ಬಣ್ಣದ ಕೀಟ. ಬೂಷ್ಟು, ಹಿಟ್ಟಿನ ಅಂಟು ಮತ್ತು ಕೋಮಲವಾದ ಹೂಭಾಗಗಳು ಇದರ ಆಹಾರ. ಇದು ಕಂಡುಬಂದಲ್ಲಿ ಕೊಠಡಿಯಲ್ಲಿ ತೇವಾಂಶ ಹೆಚ್ಚಾಗಿದೆ ಎಂದು ತಿಳಿಯಬೇಕು.

ಈ) ಬೆಳ್ಳಿಮೀನು ಹುಳು ಮತ್ತು ಜಿರಳೆ: ಮುಖ್ಯವಾಗಿ ಕಾಗದ, ಅಂಟು ಮತ್ತು ಚೀಟಿಗಳನ್ನು ಕೆರೆದು ತಿನ್ನುತ್ತವೆ. ಚೀಟಿ ನಾಶವಾದ ಮಾದರಿಯು ಗಿಡ ಉಳಿದಿದ್ದರೂ ಸಾಕ್ಷಿಯ ಬೆಲೆಯನ್ನು ಕಳೆದುಕೊಳ್ಳುತ್ತದೆ.

ಕೀಟಬಾಧೆಯ ಲಕ್ಷಣಗಳು: ಹಾಳೆಯ ಮೇಲೆ ಸಣ್ಣ ಪುಡಿ ಅಥವಾ ಹಿಕ್ಕೆ ಉದುರಿರುವುದು, ಎಲೆ ಮತ್ತು ಹೂಗಳಲ್ಲಿ ದುಂಡನೆಯ ತೂತುಗಳು, ಕಾಗದದ ಮೇಲೆ ಸುರಂಗದಂತಹ ಗುರುತುಗಳು, ಕಪಾಟಿನ ಮೂಲೆಯಲ್ಲಿ ಸತ್ತ ದುಂಬಿಗಳು.

4. ಡಿ.ಎನ್.ಎ. ಹಾಳಾಗುವ ಬಗೆ

ಡಿ.ಎನ್.ಎ. ಒಂದು ಉದ್ದನೆಯ ಎಳೆ. ಗಿಡ ಬಾಡುತ್ತಿರುವಾಗ ಜೀವಕೋಶದಲ್ಲಿಯೇ ಇರುವ ಕಿಣ್ವಗಳು ಈ ಎಳೆಯನ್ನು ತುಂಡರಿಸತೊಡಗುತ್ತವೆ. ಜೀವಕೋಶದಲ್ಲಿ ನೀರು ಇರುವವರೆಗೂ ಈ ಕ್ರಿಯೆ ನಡೆಯುತ್ತದೆ. ನಿಧಾನವಾಗಿ ಒಣಗಿದ ಗಿಡದಲ್ಲಿ ತುಂಡುಗಳು ಚಿಕ್ಕವಾಗಿಯೂ, ಬೇಗ ಒಣಗಿದ ಗಿಡದಲ್ಲಿ ಹೆಚ್ಚು ಉದ್ದವಾಗಿಯೂ ಉಳಿಯುತ್ತವೆ. ಮಾದರಿಯನ್ನು ಸಿದ್ಧಪಡಿಸುವ ಮೊದಲ ಕೆಲವು ದಿನಗಳಲ್ಲಿಯೇ ಬಹುಪಾಲು ಹಾನಿ ಸಂಭವಿಸುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಅಂದರೆ ಡಿ.ಎನ್.ಎ.ಯ ಭವಿಷ್ಯವು ಬಹುಮಟ್ಟಿಗೆ ಸಂಗ್ರಾಹಕರ ಕೈಯಲ್ಲಿಯೇ ನಿರ್ಧಾರವಾಗುತ್ತದೆ.

ಒಣಗಿದ ನಂತರವೂ ಹಾನಿ ಪೂರ್ಣವಾಗಿ ನಿಲ್ಲುವುದಿಲ್ಲ. ಗಾಳಿಯ ತೇವ, ಉಷ್ಣ, ಆಮ್ಲಜನಕ ಮತ್ತು ಬೂಷ್ಟು ಸೇರಿ ಎಳೆಯನ್ನು ವರ್ಷಗಳ ಕಾಲ ಸವೆಸುತ್ತವೆ. ಒಣ ಮಾದರಿಗಳಲ್ಲಿ ಈ ಸವೆತದ ವೇಗವು ಪ್ರಾಚೀನ ಮೂಳೆಗಳಲ್ಲಿ ಕಂಡುಬರುವ ವೇಗದ ಸುಮಾರು 6 ಪಟ್ಟು ಎಂದು 2016ರ ಅಧ್ಯಯನವೊಂದು ಅಂದಾಜು ಮಾಡಿದೆ. ಇದರ ಮೇಲೆ ಕೀಟನಾಶಕದ ರಾಸಾಯನಿಕವೂ ಸೇರಿದರೆ ಉಳಿದಿರುವ ಅಲ್ಪಸ್ವಲ್ಪವೂ ಉಪಯೋಗಕ್ಕೆ ಬಾರದಂತಾಗಬಹುದು.

5. ಹಿಂದೆ ಬಳಕೆಯಲ್ಲಿದ್ದ ವಿಧಾನಗಳು ಮತ್ತು ಅವುಗಳ ದೋಷಗಳು

ಅ) ಮರ್ಕ್ಯುರಿಕ್ ಕ್ಲೋರೈಡ್: ಪಾದರಸದ ಈ ಲವಣವನ್ನು ಮದ್ಯಸಾರದಲ್ಲಿ ಕರಗಿಸಿ ಮಾದರಿಗಳನ್ನು ಅದ್ದಿ ತೆಗೆಯುವ ಪದ್ಧತಿಯು ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ದೀರ್ಘಕಾಲ ರೂಢಿಯಲ್ಲಿತ್ತು. ಕೀಟಗಳನ್ನು ದಶಕಗಳ ಕಾಲ ದೂರವಿಡುವ ಸಾಮರ್ಥ್ಯ ಇದಕ್ಕಿದೆ. ಆದರೆ ಇದು ಮನುಷ್ಯರಿಗೂ ತೀವ್ರ ವಿಷ. ಕಾಲಕ್ರಮದಲ್ಲಿ ಹಾಳೆಯಿಂದ ಪಾದರಸದ ಆವಿ ಹೊರಬಂದು, ಮುಚ್ಚಿದ ಕಪಾಟಿನಲ್ಲಿ ಸೇರಿ, ಬಾಗಿಲು ತೆರೆದವರ ಉಸಿರಿಗೆ ಹೋಗುತ್ತದೆ. ಪಾದರಸದ ಅಯಾನುಗಳು ಡಿ.ಎನ್.ಎ.ಗೆ ಅಂಟಿಕೊಳ್ಳುತ್ತವೆ ಹಾಗೂ ಪ್ರಯೋಗಾಲಯದಲ್ಲಿ ಡಿ.ಎನ್.ಎ.ಯನ್ನು ವೃದ್ಧಿಸಲು ಬಳಸುವ ಕಿಣ್ವಕ್ಕೂ ಅಡ್ಡಿಯಾಗುತ್ತವೆ.

ಆ) ಮೀಥೈಲ್ ಬ್ರೋಮೈಡ್ ಮತ್ತು ಎಥಿಲೀನ್ ಆಕ್ಸೈಡ್: ಇವು ವಿಷಾನಿಲಗಳು. ಇಡೀ ಕೊಠಡಿಯನ್ನೋ ಪೆಟ್ಟಿಗೆಯನ್ನೋ ಮುಚ್ಚಿ ಧೂಮೀಕರಣ ಮಾಡಲು ಬಳಸಲಾಗುತ್ತಿತ್ತು. ಎರಡೂ ಡಿ.ಎನ್.ಎ.ಯೊಡನೆ ನೇರವಾಗಿ ರಾಸಾಯನಿಕ ಕ್ರಿಯೆ ನಡೆಸಿ ಅದರ ರಚನೆಯನ್ನು ಬದಲಿಸುತ್ತವೆ. ಎಥಿಲೀನ್ ಆಕ್ಸೈಡ್ ಕ್ಯಾನ್ಸರ್‌ಕಾರಕ. ಮೀಥೈಲ್ ಬ್ರೋಮೈಡ್ ಓಜೋನ್ ಪದರಕ್ಕೆ ಹಾನಿಕಾರಕವಾದುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದ ವ್ಯವಸ್ಥೆಯಡಿ ಅಭಿವೃದ್ಧಿ ಹೊಂದಿದ ದೇಶಗಳಲ್ಲಿ 2005ರ ವೇಳೆಗೆ ಮತ್ತು ಅಭಿವೃದ್ಧಿಶೀಲ ದೇಶಗಳಲ್ಲಿ 2015ರ ವೇಳೆಗೆ ಇದರ ಬಳಕೆಯನ್ನು ನಿಲ್ಲಿಸಲು ನಿರ್ಧರಿಸಲಾಯಿತು. ಕ್ವಾರಂಟೈನ್ ಮತ್ತು ಸಾಗಣೆ ಪೂರ್ವದ ಉಪಚಾರಕ್ಕೆ ವಿನಾಯಿತಿ ಉಂಟು.

ಇ) ಸಲ್ಫ್ಯುರೈಲ್ ಫ್ಲೋರೈಡ್: ಇದು ಸಹ ವಿಷಾನಿಲವೇ. ಆದರೆ ಒಣ ಮಾದರಿಗಳಿಂದ ಡಿ.ಎನ್.ಎ. ಪಡೆಯುವುದಕ್ಕೆ ಇದರಿಂದ ಗಮನಾರ್ಹ ಅಡ್ಡಿ ಕಂಡುಬರಲಿಲ್ಲವೆಂದು 1999ರ ಅಧ್ಯಯನವೊಂದು ವರದಿ ಮಾಡಿತು. ಕಟ್ಟಡಕ್ಕೆಲ್ಲ ಕೀಟಬಾಧೆ ಹರಡಿದಾಗ ತರಬೇತಿ ಪಡೆದ ಪರವಾನಗಿದಾರರಿಂದ ಮಾತ್ರ ಮಾಡಿಸಬಹುದಾದ ಕಾರ್ಯವಿದು. ಕೀಟದ ಮೊಟ್ಟೆಗಳನ್ನು ಕೊಲ್ಲಲು ಹೆಚ್ಚಿನ ಪ್ರಮಾಣ ಬೇಕಾಗುತ್ತದೆ.

ಈ) ನುಸಿಗುಳಿಗೆ: ನಾಫ್ತಲೀನ್ ಮತ್ತು ಪ್ಯಾರಾಡೈಕ್ಲೋರೋಬೆಂಜೀನ್ ಗುಳಿಗೆಗಳ ವಾಸನೆಯು ಕೀಟಗಳನ್ನು ಸ್ವಲ್ಪಮಟ್ಟಿಗೆ ದೂರವಿಡಬಹುದು. ಆದರೆ ಎಲೆಯೊಳಗೆ ಈಗಾಗಲೇ ಇರುವ ಮರಿಹುಳುವನ್ನು ಸಾಮಾನ್ಯ ಪ್ರಮಾಣದಲ್ಲಿ ಕೊಲ್ಲಲಾರವು. ಎರಡನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳ ವಸ್ತುಗಳೆಂದು ವರ್ಗೀಕರಿಸಲಾಗಿದೆ. ದಿನವಿಡೀ ಅದೇ ಕೊಠಡಿಯಲ್ಲಿ ಕೆಲಸ ಮಾಡುವ ಸಿಬ್ಬಂದಿಯ ಆರೋಗ್ಯ ದೃಷ್ಟಿಯಿಂದ ಇವುಗಳ ಬಳಕೆ ಸೂಕ್ತವಲ್ಲ.

ಉ) ಮೈಕ್ರೋವೇವ್ ಮತ್ತು ಗಾಮಾ ವಿಕಿರಣ: ಮೈಕ್ರೋವೇವ್ ಒಲೆಯಲ್ಲಿ ಉಷ್ಣವು ಎಲ್ಲೆಡೆ ಸಮನಾಗಿ ಹರಡುವುದಿಲ್ಲ. ದಪ್ಪ ಭಾಗಗಳು ಅತಿಯಾಗಿ ಕಾದು ಡಿ.ಎನ್.ಎ. ಹಾಳಾಗುತ್ತದೆ, ಬೀಜಗಳು ಸಾಯುತ್ತವೆ, ಹಾಳೆಯಲ್ಲಿ ಲೋಹದ ಪಿನ್ನು ಇದ್ದಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. ಗಾಮಾ ವಿಕಿರಣವು ಕೀಟವನ್ನು ಕೊಲ್ಲುವುದೇ ಅದರ ಡಿ.ಎನ್.ಎ.ಯನ್ನು ಒಡೆಯುವ ಮೂಲಕ. ಸಸ್ಯದ ಡಿ.ಎನ್.ಎ.ಯನ್ನು ಅದು ಪ್ರತ್ಯೇಕಿಸಿ ಬಿಡುವುದಿಲ್ಲ.

6. ಶೀತಲೀಕರಣ: ಶಿಫಾರಸು ಮಾಡಲಾದ ವಿಧಾನ

ತೀವ್ರ ಶೀತದಲ್ಲಿ ಕೀಟದ ದೇಹದೊಳಗಿನ ನೀರು ಹೆಪ್ಪುಗಟ್ಟಿ ಅದು ಸಾಯುತ್ತದೆ. ಚೆನ್ನಾಗಿ ಒಣಗಿದ ಸಸ್ಯದಲ್ಲಿ ಹೆಪ್ಪುಗಟ್ಟಲು ನೀರೇ ಇರುವುದಿಲ್ಲ. ಆದುದರಿಂದ ಸಸ್ಯಕ್ಕೆ ಹಾನಿಯಾಗುವುದಿಲ್ಲ, ಶೀತದಲ್ಲಿ ಡಿ.ಎನ್.ಎ. ಸವೆತವೂ ಮಂದವಾಗುತ್ತದೆ. ಯಾವುದೇ ರಾಸಾಯನಿಕವು ಹಾಳೆಯ ಮೇಲೆ ಉಳಿಯುವುದಿಲ್ಲ. ಈ ಕಾರಣಗಳಿಂದ ಪ್ರಪಂಚದ ಪ್ರಮುಖ ಹರ್ಬೇರಿಯಂಗಳು ಶೀತಲೀಕರಣವನ್ನೇ ಮುಖ್ಯ ಕ್ರಮವಾಗಿ ಅನುಸರಿಸುತ್ತಿವೆ.

ಅನುಸರಿಸಬೇಕಾದ ಕ್ರಮ:

1) ಮಾದರಿಯು ಪೂರ್ಣವಾಗಿ ಒಣಗಿದೆ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಮುಟ್ಟಿದಾಗ ತಣ್ಣಗೆ ಅಥವಾ ಮೆತ್ತಗೆ ಅನಿಸುವ ಮಾದರಿಯಲ್ಲಿ ಇನ್ನೂ ನೀರಿದೆ.

2) ಹಾಳೆಗಳನ್ನು ಒಂದು ಗೇಣಿಗಿಂತ ದಪ್ಪವಾಗದಂತೆ ಸಣ್ಣ ಕಟ್ಟುಗಳಾಗಿ ಮಾಡಬೇಕು. ಕಾಗದದ ದಪ್ಪ ಕಟ್ಟು ಕಂಬಳಿಯಂತೆ ವರ್ತಿಸಿ, ನಡುವಿನ ಹಾಳೆಗಳಿಗೆ ಶೀತ ತಲುಪಲು ತಡವಾಗುತ್ತದೆ.

3) ಪ್ರತಿ ಕಟ್ಟನ್ನು ಪಾಲಿಥೀನ್ ಚೀಲದಲ್ಲಿಟ್ಟು, ಒಳಗಿನ ಗಾಳಿಯನ್ನು ಆದಷ್ಟು ಹೊರದೂಡಿ, ಬಾಯಿಯನ್ನು ಭದ್ರವಾಗಿ ಮುಚ್ಚಬೇಕು.

4) ಡೀಪ್ ಫ್ರೀಜರ್ ಮೊದಲೇ ಪೂರ್ಣ ಶೀತಕ್ಕೆ ಬಂದಿರಬೇಕು. ನಿಧಾನವಾಗಿ ತಣ್ಣಗಾದರೆ ಕೀಟಗಳು ಶೀತಕ್ಕೆ ಹೊಂದಿಕೊಂಡು ಬದುಕುಳಿಯುವ ಸಂಭವವಿದೆ.

5) ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಅಥವಾ ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 7 ದಿನ ಇಡಬೇಕು. ಮೈನಸ್ 18 ಡಿಗ್ರಿಯ ಗೃಹಬಳಕೆಯ ಫ್ರೀಜರ್ ಆದಲ್ಲಿ 2 ವಾರ ಇಡುವುದು ಕ್ಷೇಮ. ಪದೇ ಪದೇ ಬಾಗಿಲು ತೆರೆಯಬಾರದು.

6) ಹೊರತೆಗೆದ ನಂತರ 24 ಗಂಟೆಗಳವರೆಗೆ ಚೀಲವನ್ನು ಬಿಚ್ಚಬಾರದು. ತಣ್ಣಗಿರುವ ಹಾಳೆಗೆ ಹೊರಗಿನ ಗಾಳಿ ತಗುಲಿದೊಡನೆ ನೀರಿನ ಹನಿಗಳು ಮೂಡುತ್ತವೆ. ಈ ಒಂದು ತಪ್ಪಿನಿಂದ ಬೂಷ್ಟು ಹಿಡಿದು ಇಡೀ ಶ್ರಮ ವ್ಯರ್ಥವಾಗಬಹುದು.

7) ಕೀಟಬಾಧೆ ಕಣ್ಣಿಗೆ ಕಾಣುವಂತಿದ್ದಲ್ಲಿ, ಸಾಮಾನ್ಯ ಉಷ್ಣಾಂಶಕ್ಕೆ ಬಂದ ಮಾದರಿಯನ್ನು ಎರಡನೆಯ ಬಾರಿ ಶೀತಲೀಕರಣಕ್ಕೆ ಒಳಪಡಿಸಬೇಕು.

8) ಅನಂತರ ಪುಡಿ ಮತ್ತು ಸತ್ತ ಕೀಟಗಳನ್ನು ಮೃದುವಾದ ಕುಂಚದಿಂದ ತೆಗೆದು, ಉಪಚಾರದ ದಿನಾಂಕವನ್ನು ದಾಖಲಿಸಬೇಕು. ಕಳಚಿ ಬಿದ್ದ ಸಸ್ಯಭಾಗಗಳನ್ನು ಎಸೆಯದೆ ಹಾಳೆಯ ಮೇಲಿನ ಸಣ್ಣ ಲಕೋಟೆಯಲ್ಲಿ ಇಡಬೇಕು.

ಶೀತಲೀಕರಣವು ಆ ಕ್ಷಣದಲ್ಲಿರುವ ಕೀಟಗಳನ್ನು ಮಾತ್ರ ಕೊಲ್ಲುತ್ತದೆ. ಮುಂದೆ ಬರುವ ಕೀಟಗಳಿಂದ ರಕ್ಷಣೆ ನೀಡುವುದಿಲ್ಲ. ಆದುದರಿಂದ ಎರವಲು ಹೋಗಿ ಮರಳಿದ ಹಾಳೆಗಳನ್ನೂ ಪುನಃ ಈ ಕ್ರಮಕ್ಕೆ ಒಳಪಡಿಸಲಾಗುತ್ತದೆ. ಸಲ್ಲಿಸಿದ ಮಾದರಿಯ ಬಗ್ಗೆ ಕೆಲವು ವಾರ ಕಾಯಬೇಕಾಗಿ ಬರುವುದಕ್ಕೆ ಇದು ಒಂದು ಮುಖ್ಯ ಕಾರಣ. ಕೀಟವಿರುವ ಒಂದೇ ಒಂದು ಹಾಳೆಯು ಒಳಗೆ ಸೇರಿದರೂ ಅಕ್ಕಪಕ್ಕದ ನೂರಾರು ಹಾಳೆಗಳಿಗೆ ಅಪಾಯ ತಪ್ಪಿದ್ದಲ್ಲ.

7. ಆಮ್ಲಜನಕ ರಹಿತ ಉಪಚಾರ

ಫ್ರೀಜರ್‌ನಲ್ಲಿ ಹಿಡಿಸದ ದೊಡ್ಡ ಕಾಯಿ, ಮರದ ತುಂಡು ಮುಂತಾದವುಗಳಿಗೆ ಈ ವಿಧಾನ ಅನುಕೂಲ. ಗಾಳಿ ತೂರದ ವಿಶೇಷ ಚೀಲದಲ್ಲಿ ವಸ್ತುವನ್ನಿಟ್ಟು, ಸಾರಜನಕ ತುಂಬಿ ಅಥವಾ ಕಬ್ಬಿಣದ ಪುಡಿಯುಳ್ಳ ಆಮ್ಲಜನಕ ಹೀರುವ ಪೊಟ್ಟಣಗಳನ್ನಿಟ್ಟು, ಆಮ್ಲಜನಕದ ಪ್ರಮಾಣವನ್ನು ಶೇ. 0.5ಕ್ಕಿಂತ ಕಡಿಮೆ ಮಾಡಲಾಗುತ್ತದೆ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 3ರಿಂದ 4 ವಾರಗಳಲ್ಲಿ ಕೀಟಗಳು ಸಾಯುತ್ತವೆ. ಡಿ.ಎನ್.ಎ.ಯೊಡನೆ ಕ್ರಿಯೆ ನಡೆಸುವ ವಸ್ತು ಇಲ್ಲಿ ಯಾವುದೂ ಇರುವುದಿಲ್ಲ. ವೆಚ್ಚ ಮತ್ತು ಕಾಲಾವಧಿ ಹೆಚ್ಚು ಎಂಬುದು ಇದರ ಮಿತಿ.

8. ಕೀಟ ಬಾರದಂತೆ ತಡೆಯುವುದು

ಪ್ರತಿಯೊಂದು ಉಪಚಾರಕ್ಕಿಂತಲೂ ಕೀಟಕ್ಕೆ ಅವಕಾಶ ನೀಡದಿರುವುದು ಮೇಲು. ಸಿಗರೇಟು ದುಂಬಿಯ ಬೆಳವಣಿಗೆ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿರುತ್ತದೆ, 20 ಡಿಗ್ರಿಗಿಂತ ಕೆಳಗೆ ಬಹಳ ಮಂದವಾಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇ. 40ರಿಂದ 55ರ ನಡುವೆ ಇದ್ದಲ್ಲಿ ಪುಸ್ತಕ ಹೇನು ಮತ್ತು ಬೂಷ್ಟು ನೆಲೆಯೂರಲಾರವು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ತೇವಾಂಶ ತೆಗೆಯುವ ಯಂತ್ರವಿಲ್ಲದೆ ಈ ಮಟ್ಟವನ್ನು ಕಾಪಾಡುವುದು ಕಷ್ಟ.

ಬಾಗಿಲು ಬಿಗಿಯಾಗಿ ಮುಚ್ಚುವ ಉಕ್ಕಿನ ಕಪಾಟು, ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ, ಆಹಾರ ಪದಾರ್ಥ ಮತ್ತು ಹೂಕುಂಡಗಳಿಗೆ ಒಳಗೆ ನಿಷೇಧ, ನಿಯಮಿತ ಶುಚಿತ್ವ ಇವು ಅಗತ್ಯ ಕ್ರಮಗಳು. ದುಂಬಿಗಳನ್ನು ಸೆಳೆಯುವ ಫೆರೊಮೋನ್ ಅಂಟುಬಲೆಗಳನ್ನು ಅಲ್ಲಲ್ಲಿ ಇರಿಸಿ, ಬಿದ್ದ ಕೀಟಗಳ ಸಂಖ್ಯೆಯನ್ನು ಬರೆದಿಡುವುದರಿಂದ ಕೀಟಬಾಧೆ ಎಲ್ಲಿ ಆರಂಭವಾಗಿದೆ ಎಂಬುದು ಮೊದಲೇ ತಿಳಿಯುತ್ತದೆ. ವೀಕ್ಷಣೆಗೆ ಬರುವವರು ಚೀಲ, ಊಟದ ಡಬ್ಬಿ ಮತ್ತು ಹಸಿ ಗಿಡಗಳನ್ನು ಹೊರಗೆ ಇಡುವಂತೆ ಕೋರುವುದು ಈ ಕಾರಣದಿಂದಲೇ.

9. ಮಾದರಿ ಸಲ್ಲಿಸುವ ಅರ್ಜಿದಾರರಿಗೆ ಸೂಚನೆಗಳು

1) ಸಂಗ್ರಹಿಸುವ ಮುನ್ನ ಅನುಮತಿ: ಅರಣ್ಯ ಪ್ರದೇಶದಿಂದ ಗಿಡ ಸಂಗ್ರಹಿಸಲು ಅರಣ್ಯ ಇಲಾಖೆಯ ಅನುಮತಿ ಪಡೆದಿರತಕ್ಕದ್ದು.

2) ಡಿ.ಎನ್.ಎ.ಗಾಗಿ ಪ್ರತ್ಯೇಕ ಎಲೆ: ಗಿಡವನ್ನು ಒತ್ತುವ ಮುನ್ನವೇ ಅದರ ಎಳೆಯ, ರೋಗರಹಿತ ಎಲೆಯನ್ನು ತುಂಡು ಮಾಡಿ, ಕಾಗದದ ಲಕೋಟೆಯಲ್ಲಿಟ್ಟು, ಸಿಲಿಕಾ ಜೆಲ್ ತುಂಬಿದ ಚೀಲದಲ್ಲಿ ಹಾಕಬೇಕು. ಎಲೆಯ ತೂಕದ 10 ಪಟ್ಟು ಸಿಲಿಕಾ ಜೆಲ್ ಇರಬೇಕು. 1991ರಲ್ಲಿ ಸಸ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಶಿಫಾರಸಾದ ಈ ಸರಳ ವಿಧಾನ ಈಗ ಎಲ್ಲೆಡೆ ರೂಢಿಯಲ್ಲಿದೆ. ಎಲೆಯ ಲಕೋಟೆ ಮತ್ತು ಒತ್ತಿದ ಗಿಡ ಎರಡಕ್ಕೂ ಒಂದೇ ಸಂಗ್ರಹ ಸಂಖ್ಯೆ ನಮೂದಿಸಬೇಕು.

3) ಒಣಗಿಸುವಿಕೆ: ಒತ್ತುಹಲಗೆಯ ಕಾಗದವನ್ನು ಮೊದಲ ದಿನಗಳಲ್ಲಿ ಪ್ರತಿದಿನ ಬದಲಿಸಬೇಕು. ಗಾಳಿಯಾಡುವಂತೆ ನಡುನಡುವೆ ಸುಕ್ಕುಗಟ್ಟಿದ ರಟ್ಟು ಇರಿಸಿ, ಹದವಾದ ಬಿಸಿಗಾಳಿಯಲ್ಲಿ ಬೇಗ ಒಣಗಿಸಬೇಕು. ಗಿಡ ಕಂದುವಂತೆ ಕಾಯಿಸಬಾರದು.

4) ಮಳೆಗಾಲದ ಸಂಗ್ರಹ: ಒಣಗಿಸಲು ಅನುಕೂಲವಿಲ್ಲದ ಕಡೆ ಗಿಡಗಳನ್ನು ಮದ್ಯಸಾರ ಅಥವಾ ಫಾರ್ಮಲಿನ್‌ನಿಂದ ತೋಯಿಸಿ ಚೀಲದಲ್ಲಿ ಕಟ್ಟಿ ತರುವ ರೂಢಿಯಿದೆ. ಗಿಡದ ಆಕಾರ ಇದರಿಂದ ಉಳಿಯುತ್ತದೆಯಾದರೂ ಡಿ.ಎನ್.ಎ.ಗೆ ಹೆಚ್ಚಿನ ಹಾನಿಯಾಗುತ್ತದೆ. ಅನಿವಾರ್ಯವಾದಲ್ಲಿ, ತೋಯಿಸುವ ಮುನ್ನ ಎಲೆಯನ್ನು ಸಿಲಿಕಾ ಜೆಲ್‌ನಲ್ಲಿ ತೆಗೆದಿಡಬೇಕು ಮತ್ತು ಬಳಸಿದ ದ್ರವದ ಹೆಸರನ್ನು ಚೀಟಿಯಲ್ಲಿ ಬರೆಯಬೇಕು.

5) ಅಂಟು: ಮೈದಾ ಅಥವಾ ಗಂಜಿಯ ಅಂಟು ಕೀಟಗಳಿಗೆ ಆಹಾರ. ಆಮ್ಲೀಯವಲ್ಲದ ಸಂಶ್ಲೇಷಿತ ಅಂಟು, ಕಾಗದದ ಪಟ್ಟಿ ಅಥವಾ ದಾರದ ಹೊಲಿಗೆ ಸೂಕ್ತ.

6) ಕೀಟನಾಶಕ ಬಳಸಬಾರದು: ಈಗಾಗಲೇ ಯಾವುದಾದರೂ ರಾಸಾಯನಿಕ ಬಳಸಿದ್ದಲ್ಲಿ ಅದನ್ನು ಮರೆಮಾಚದೆ ಅರ್ಜಿಯಲ್ಲಿಯೂ ಚೀಟಿಯಲ್ಲಿಯೂ ನಮೂದಿಸಬೇಕು. ಮಾದರಿಯನ್ನು ಮುಟ್ಟುವವರ ಆರೋಗ್ಯ ಇದನ್ನು ಅವಲಂಬಿಸಿದೆ.

7) ಹೊಸ ಪ್ರಭೇದ: ಜೈವಿಕ ವೈವಿಧ್ಯ ಅಧಿನಿಯಮ, 2002ರ 39ನೆಯ ಪ್ರಕರಣದಂತೆ, ಹೊಸ ಪ್ರಭೇದ ಕಂಡುಹಿಡಿದವರು ಅದನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಆಧಾರ ಮಾದರಿಯನ್ನು ಅಲ್ಲಿ ಠೇವಣಿ ಇಡತಕ್ಕದ್ದು.

10. ಎಲೆಯ ತುಣುಕು ಕೋರುವ ಅರ್ಜಿದಾರರಿಗೆ ಸೂಚನೆಗಳು

ತುಣುಕು ತೆಗೆದ ಎಲೆ ಮತ್ತೆ ಬೆಳೆಯುವುದಿಲ್ಲ. ಒಂದು ಹಾಳೆಯಿಂದ ಎಷ್ಟು ಬಾರಿ ತೆಗೆಯಬಹುದು ಎಂಬುದಕ್ಕೆ ಮಿತಿಯಿದೆ. ಆದುದರಿಂದ ಅರ್ಜಿಯಲ್ಲಿ ಅಧ್ಯಯನದ ಉದ್ದೇಶ, ಬೇಕಾದ ಹಾಳೆಗಳ ಸಂಖ್ಯೆ, ಹೊಸದಾಗಿ ಸಂಗ್ರಹಿಸಿದ ಎಲೆಯಿಂದ ಅದೇ ಕಾರ್ಯ ಸಾಧ್ಯವಿಲ್ಲದಿರುವ ಕಾರಣ ಮತ್ತು ಪ್ರಯೋಗಾಲಯದ ಅನುಭವ ಇವುಗಳನ್ನು ಸ್ಪಷ್ಟವಾಗಿ ತಿಳಿಸಬೇಕು. ಸಾಮಾನ್ಯವಾಗಿ ಒಂದು ಚದರ ಸೆಂಟಿಮೀಟರಿನಷ್ಟು ಎಲೆ ಸಾಕಾಗುತ್ತದೆ. ಸಾಧ್ಯವಾದಲ್ಲಿ ಕಳಚಿದ ಭಾಗಗಳ ಲಕೋಟೆಯಿಂದಲೇ ಆರಿಸಲಾಗುತ್ತದೆ. ಮೂಲ ಮಾದರಿಗಳಿಂದ ತುಣುಕು ನೀಡುವುದು ತೀರ ವಿರಳ.

ಅಧ್ಯಯನ ಮುಗಿದ ನಂತರ ಫಲಿತಾಂಶವನ್ನೂ ಡಿ.ಎನ್.ಎ. ದತ್ತಾಂಶದ ನೋಂದಣಿ ಸಂಖ್ಯೆಯನ್ನೂ ಹರ್ಬೇರಿಯಂಗೆ ತಿಳಿಸಿದಲ್ಲಿ, ಅದನ್ನು ಹಾಳೆಯ ಮೇಲೆ ದಾಖಲಿಸಿ, ಅದೇ ಪ್ರಯೋಗಕ್ಕಾಗಿ ಮತ್ತೊಮ್ಮೆ ಎಲೆ ಕತ್ತರಿಸುವುದನ್ನು ತಪ್ಪಿಸಬಹುದು. ವಿದೇಶಿ ಪ್ರಜೆಗಳು ಮತ್ತು ವಿದೇಶಿ ಸಂಸ್ಥೆಗಳು ಭಾರತದ ಜೈವಿಕ ಸಂಪನ್ಮೂಲವನ್ನು ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಪಡೆಯಬೇಕಾಗುತ್ತದೆ.

ಮಾದರಿಗಳನ್ನು ಹೊರದೇಶಕ್ಕೆ ಕಳುಹಿಸುವಾಗ ದಾಖಲೆಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. 2017ರಲ್ಲಿ ಪ್ಯಾರಿಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಆಸ್ಟ್ರೇಲಿಯಾಕ್ಕೆ ಎರವಲು ಕಳುಹಿಸಿದ್ದ 105 ಒಣ ಮಾದರಿಗಳು, ಕಾಗದಪತ್ರಗಳಲ್ಲಿನ ಕೊರತೆಯ ಕಾರಣ ಕ್ವಾರಂಟೈನ್ ಹಂತದಲ್ಲಿ ಸುಟ್ಟು ನಾಶಗೊಂಡವು. 19ನೆಯ ಶತಮಾನದ ಮಧ್ಯಭಾಗದ ಮೂಲ ಮಾದರಿಗಳೂ ಅವುಗಳಲ್ಲಿ ಸೇರಿದ್ದವು. ಒಂದೂವರೆ ಶತಮಾನ ಹುಳುಗಳಿಂದ ಪಾರಾಗಿ ಬಂದ ಹಾಳೆಗಳು ಅಪೂರ್ಣ ದಾಖಲೆಯಿಂದ ನಾಶವಾದ ಪ್ರಕರಣವಿದು. ಆಯಾ ದೇಶದ ಆಮದು ನಿಯಮಗಳನ್ನು ಮೊದಲೇ ತಿಳಿದು, ಶೀತಲೀಕರಣ ಮಾಡಿದ ಬಗ್ಗೆ ಪ್ರಮಾಣಪತ್ರ ಲಗತ್ತಿಸಿ, ಧೂಮೀಕರಣ ಮತ್ತು ವಿಕಿರಣಕ್ಕೆ ಒಳಪಡಿಸದಂತೆ ಕೋರುವ ಸೂಚನೆಯನ್ನು ಪೊಟ್ಟಣದ ಮೇಲೆ ಅಂಟಿಸುವುದು ಒಳಿತು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಓಲೆಗರಿ ಮತ್ತು ಪುಸ್ತಕಗಳ ನಡುವೆ ಬೇವಿನ ಎಲೆ, ಬಜೆ ಬೇರು ಇಡುವ ರೂಢಿಯಿದೆ. ಒಣ ಮಾದರಿಗಳ ನಡುವೆಯೂ ಇಡಬಹುದೇ?
ಉತ್ತರ: ಇಡಬಾರದು. ಒಣ ಗಿಡಮೂಲಿಕೆಗಳು ಸ್ವತಃ ಸಿಗರೇಟು ದುಂಬಿಗೆ ಆಹಾರವಾಗಬಲ್ಲವು ಮತ್ತು ಅವುಗಳ ಮೂಲಕವೇ ಮೊಟ್ಟೆಗಳು ಒಳಗೆ ಬರಬಹುದು. ಅಲ್ಲದೆ ಅವುಗಳ ಚೂರು ಮಾದರಿಯೊಡನೆ ಬೆರೆತರೆ ಡಿ.ಎನ್.ಎ. ಪರೀಕ್ಷೆಯಲ್ಲಿ ಬೇರೆ ಸಸ್ಯದ ಫಲಿತಾಂಶ ಬರುವ ಅಪಾಯವಿದೆ.

ಪ್ರಶ್ನೆ: ಹುಳು ಹಿಡಿದ ಹಾಳೆಗಳನ್ನು ಬಿಸಿಲಿಗೆ ಹಾಕಿದರೆ ಸಾಲದೇ?
ಉತ್ತರ: ಸಾಲದು. ಬಿಸಿಲಿನಿಂದ ಹೂವಿನ ಬಣ್ಣ ಮತ್ತು ಚೀಟಿಯ ಶಾಯಿ ಮಾಸುತ್ತವೆ, ಎಲೆ ಪುಡಿಯಾಗುತ್ತದೆ. ಕಟ್ಟಿನ ಒಳಗಿರುವ ಮೊಟ್ಟೆಗಳು ಉಳಿಯಬಹುದು.

ಪ್ರಶ್ನೆ: ಮನೆಯ ಫ್ರಿಜ್ಜಿನಲ್ಲಿ ಮಾದರಿಗಳನ್ನು ಇಡಬಹುದೇ?
ಉತ್ತರ: ಫ್ರಿಜ್ಜಿನ ಸಾಮಾನ್ಯ ಭಾಗದ ಶೀತ ಸಾಲದು, ಫ್ರೀಜರ್ ಭಾಗವೇ ಆಗಬೇಕು. ಹಳೆಯ ಅಥವಾ ಉಪಚಾರದ ವಿವರ ತಿಳಿಯದ ಮಾದರಿಗಳನ್ನು ಆಹಾರ ಇಡುವ ಫ್ರೀಜರ್‌ನಲ್ಲಿ ಯಾವ ಕಾರಣಕ್ಕೂ ಇಡಬಾರದು. ಅವುಗಳಲ್ಲಿ ಪಾದರಸದ ಲವಣ ಇರಬಹುದು.

ಪ್ರಶ್ನೆ: ಕಾಲೇಜಿನಲ್ಲಿರುವ ಹಳೆಯ ಮಾದರಿಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ಹಾಕಿರುವ ಶಂಕೆಯಿದೆ. ಏನು ಮಾಡಬೇಕು?
ಉತ್ತರ: ಕೈಗವಸು ಧರಿಸಿ, ಗಾಳಿಯಾಡುವ ಸ್ಥಳದಲ್ಲಿ ಮಾತ್ರ ತೆರೆಯಬೇಕು. ಕಪಾಟನ್ನು ತೆರೆದು ಸ್ವಲ್ಪ ಹೊತ್ತು ಬಿಟ್ಟು ಅನಂತರ ಸಮೀಪಿಸಬೇಕು. ಕಾಯಿಸುವುದು, ಸುಡುವುದು, ಕಸದ ಬುಟ್ಟಿಗೆ ಹಾಕುವುದು ಸಲ್ಲದು. ಕಪಾಟಿನ ಮೇಲೆ ಎಚ್ಚರಿಕೆಯ ಫಲಕ ಹಾಕಿ, ಸಮೀಪದ ಹರ್ಬೇರಿಯಂನ ಸಲಹೆ ಪಡೆಯಬೇಕು. ಇಂತಹ ಮಾದರಿಗಳಿಂದಲೂ ಕೆಲವೊಮ್ಮೆ ಡಿ.ಎನ್.ಎ. ದೊರೆಯುವುದುಂಟು. ಆದುದರಿಂದ ಅವುಗಳನ್ನು ನಿರುಪಯುಕ್ತವೆಂದು ಭಾವಿಸಬಾರದು.

ಪ್ರಶ್ನೆ: ಹುಳು ತಿಂದು ಅರ್ಧ ಹಾಳಾದ ಮಾದರಿಯನ್ನು ಸಲ್ಲಿಸಬಹುದೇ?
ಉತ್ತರ: ಸ್ಥಳ, ದಿನಾಂಕ ಮತ್ತು ಸಂಗ್ರಾಹಕರ ವಿವರ ಉಳಿದಿದ್ದಲ್ಲಿ ಅವಶ್ಯವಾಗಿ ವಿಚಾರಿಸಬಹುದು. ಉಳಿದ ಒಂದು ಎಲೆಯೂ ಡಿ.ಎನ್.ಎ. ಅಧ್ಯಯನಕ್ಕೆ ನೆರವಾಗಬಲ್ಲದು. ತರುವ ಮುನ್ನ ಚೀಲದಲ್ಲಿ ಭದ್ರವಾಗಿ ಮುಚ್ಚಿ, ಕೀಟಬಾಧೆಯ ವಿಷಯವನ್ನು ಸಿಬ್ಬಂದಿಗೆ ಮೊದಲೇ ತಿಳಿಸಬೇಕು.

12. ಸಾರ್ವಜನಿಕರಲ್ಲಿ ಕೋರಿಕೆ

ಹರ್ಬೇರಿಯಂನಲ್ಲಿರುವ ಪ್ರತಿ ಹಾಳೆಯೂ ಮುಂದಿನ ಪೀಳಿಗೆಯ ಅರ್ಜಿದಾರರಿಗೂ ಸೇರಿದ ಸಾರ್ವಜನಿಕ ಆಸ್ತಿಯಾಗಿದೆ. ಮಾದರಿಯನ್ನು ಬೇಗ ಒಣಗಿಸಿ, ಎಲೆಯನ್ನು ಸಿಲಿಕಾ ಜೆಲ್‌ನಲ್ಲಿ ಪ್ರತ್ಯೇಕವಾಗಿರಿಸಿ, ರಾಸಾಯನಿಕ ಬಳಸದೆ, ಪೂರ್ಣ ವಿವರಗಳೊಂದಿಗೆ ಸಲ್ಲಿಸಬೇಕೆಂದು ಹಾಗೂ ಶೀತಲೀಕರಣಕ್ಕೆ ತಗಲುವ ಅವಧಿಯಲ್ಲಿ ಸಹಕರಿಸಬೇಕೆಂದು ಕೋರಲಾಗಿದೆ. ಅರ್ಜಿ ನಮೂನೆ, ಶುಲ್ಕ ಮತ್ತು ವೀಕ್ಷಣೆಯ ವೇಳೆಯ ವಿವರಗಳು ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾಗಿರುವುದರಿಂದ, ಮಾದರಿಯನ್ನು ತರುವ ಮುನ್ನ ಸಂಬಂಧಿಸಿದ ಹರ್ಬೇರಿಯಂನಲ್ಲಿ ವಿಚಾರಿಸತಕ್ಕದ್ದು.